ಸೊಂಟದ ಕೆಳಗೆ ನೋಡದ ಡಾಕ್ಟರು

ಡಾಕ್ಟರ್ ನೀಲಕಂಠಪ್ಪನವರ ಕೈ ಬಸುರಿಯ ಹೊಟ್ಟೆಯ ಮೇಲೆ ಸ್ಕ್ಯಾನಿಂಗ್ ಯಂತ್ರದ ಹಿಡಿಕೆಯನ್ನು ಆಡಿಸುತ್ತ, ಒಳಗಿನ ಕೂಸಿನ ತಲೆಯಿಂದ ಇಳಿದು, ಎದೆಯ ಮಿಡಿತವನ್ನು ದಾಟಿ, ಬೆನ್ನಿನ ಮಣಿಗಳನ್ನು ಒಂದೊಂದಾಗಿ ಹಿಂಬಾಲಿಸಿ, ಸೊಂಟದ ಹತ್ತಿರ ಬಂದೊಡನೆ ಮೇಲಕ್ಕೆ ಏಳುತ್ತಿತ್ತು. ಬಿಸಿ ಹಂಚು ತಗುಲಿದವರ ಹಾಗೆ ಅಲ್ಲ. ಪರರ ಮನೆಯ ಅಡುಗೆಕೋಣೆಯ ಹೊಸ್ತಿಲವರೆಗೆ ಹೋಗಿ, ಒಳಗೆ ಹೆಂಗಸರಿದ್ದಾರೆಂದು ತಿಳಿದು, ಗಂಟಲು ಸರಿಪಡಿಸಿಕೊಂಡು ಹಿಂದಿರುಗುವ ಮರ್ಯಾದಸ್ಥ ಅತಿಥಿಯ ಹಾಗೆ. "ಎಲ್ಲಾ ಬರೊಬ್ಬರಿ ಐತಿ ತಾಯಿ, ಏಳ್ರಿ" ಎಂದು ಹೇಳಿ, ಹೊಟ್ಟೆಗೆ ಹಚ್ಚಿದ್ದ ತಂಪು ಜೆಲ್ ಒರೆಸಿಕೊಳ್ಳಲು ಬಟ್ಟೆ ಕೊಟ್ಟು, ಅವರು ಗೋಡೆಯ ಕಡೆಗೆ ತಿರುಗುತ್ತಿದ್ದರು. ಗೋಕಾಕದ ಸುತ್ತಲಿನ ಅದೆಷ್ಟೋ ಹಳ್ಳಿಗಳ ಕೂಸುಗಳು ಹೀಗೆ ಸೊಂಟದವರೆಗೆ ಮಾತ್ರ ಪರೀಕ್ಷಿಸಲ್ಪಟ್ಟು, ಪೂರ್ತಿಯಾಗಿ ಪ್ರಶಂಸಿಸಲ್ಪಟ್ಟು, ಈ ಲೋಕಕ್ಕೆ ಬಂದಿವೆ.

ಇದಕ್ಕೆ ಕಾರಣವಿತ್ತು, ಕಾರಣ ಉದಾತ್ತವೂ ಆಗಿತ್ತು. ಗರ್ಭದಲ್ಲಿರುವುದು ಗಂಡೋ ಹೆಣ್ಣೋ ಎಂದು ಹೇಳುವುದನ್ನು ಕಾನೂನು ನಿಷೇಧಿಸಿದೆ. ನೀಲಕಂಠಪ್ಪನವರು ಕಾನೂನಿಗಿಂತ ಒಂದು ಹೆಜ್ಜೆ ಮುಂದೆ ಹೋಗಿ, ಅದನ್ನು ತಾವೇ ತಿಳಿಯದೆ ಇರುವುದನ್ನು ವ್ರತವಾಗಿ ಮಾಡಿಕೊಂಡಿದ್ದರು. ತಿಳಿಯದ್ದನ್ನು ಹೇಳುವುದು ಹೇಗೆ? ನಮ್ಮ ಸೀಮೆಯಲ್ಲಿ ವ್ರತ ಹಿಡಿದವರಿಗೆ ಇರುವ ಗೌರವ ಕೆಲಸ ಬಲ್ಲವರಿಗೆ ಇಲ್ಲ. ಅವರಿಗೆ ಕೆಲಸವೂ ಗೊತ್ತಿದ್ದುದು, ಈ ಕಥೆಯ ಮಟ್ಟಿಗೆ, ಇನ್ನಷ್ಟು ದುಃಖದ ಸಂಗತಿ.

ಕುಳ್ಳಗಿನ ಆಳು. ಹಣೆಯ ಮೇಲೆ ಮೂರು ಎಳೆ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅರೆತೋಳಿನ ಅಂಗಿ. ಚಹಾವನ್ನು ಕಪ್ಪಿನಿಂದ ಬಸಿಗೆ ಸುರಿದುಕೊಂಡು, ಊದದೆ, ಆರುವವರೆಗೂ ಅದನ್ನೇ ನೋಡುತ್ತ ಕೂಡುವ ತಾಳ್ಮೆ. ಆದರೆ ಅವರ ಮುಖ ಮಾತ್ರ ಬಾಗಿಲಿಲ್ಲದ ಅಂಗಡಿಯಾಗಿತ್ತು. ಒಳಗಿನ ಸರಕೆಲ್ಲ ಬೀದಿಗೆ ಕಾಣುತ್ತಿತ್ತು. ಹಸಿವಾದರೆ ಕಾಣುತ್ತಿತ್ತು, ಸಿಟ್ಟು ಬಂದರೆ ಕಾಣುತ್ತಿತ್ತು, ಊರಲ್ಲಿ ಯಾರಾದರೂ ತೀರಿಕೊಂಡ ಸುದ್ದಿ ಅವರ ಬಾಯಿಗಿಂತ ಮೊದಲು ಹುಬ್ಬಿಗೆ ಬರುತ್ತಿತ್ತು. ಇಸ್ಪೀಟಿನ ಎಲೆ ಹಿಡಿದು ಕೂತರೆ ಅವರನ್ನು ಸೋಲಿಸಲು ಜಾಣತನವೇ ಬೇಕಿಲ್ಲವೆಂದು ಅವರ ಗೆಳೆಯರೇ ನಗುತ್ತಿದ್ದರು.

ಅವರ ವ್ರತದ ಕೀರ್ತಿಯನ್ನು ಹಬ್ಬಿಸಿದ್ದು ಒಂದು ಪ್ರಸಂಗ. ನಾಗನೂರಿನ ದೊಡ್ಡ ಹೊಲದ ಒಡೆಯನೊಬ್ಬ ಸೊಸೆಯನ್ನು ಕರೆತಂದಿದ್ದ. ಸ್ಕ್ಯಾನಿಂಗ್ ಮುಗಿದ ಮೇಲೆ, ನೇರವಾಗಿ ಕೇಳಿದರೆ ಅಪರಾಧವಾಗುತ್ತದೆಂಬ ಎಚ್ಚರದಿಂದ, ಡಾಕ್ಟರ ಕಿವಿಯ ಹತ್ತಿರ ಬಾಗಿ, ಮನೆಗೆ ಪೇಢೆ ಒಯ್ಯಲೋ ಜಿಲೇಬಿ ಒಯ್ಯಲೋ ಎಂದು ಕೇಳಿದ. ನಮ್ಮ ಕಡೆ ಗಂಡು ಹುಟ್ಟಿದರೆ ಪೇಢೆ, ಹೆಣ್ಣು ಹುಟ್ಟಿದರೆ ಜಿಲೇಬಿ. ಸಿಹಿ ತಿಂಡಿಗೂ ಲಿಂಗಭೇದ ಕಲಿಸಿದ ಜನ ನಾವು. ಡಾಕ್ಟರು ಕಾಯುತ್ತಿದ್ದವರಿಗೆಲ್ಲ ಕೇಳುವಂತೆ ಹೇಳಿದರು: "ಉಪ್ಪ ಒಯ್ರಿ ಯಜಮಾನ್ರ. ಕೂಸಿಗೆ ದೃಷ್ಟಿ ತಗಿಯಾಕ ಬೇಕಾಗತೈತಿ. ನಿಮ್ಮಂಥಾ ಕಣ್ಣು ಮನಿಯೊಳಗ ಇದ್ದ ಮ್ಯಾಲ, ದಿನಾ ತಗೀಬೇಕು."

ಆ ಉಪ್ಪು ಒಂದೇ ವಾರದಲ್ಲಿ ಗೋಕಾಕದಿಂದ ಹುಕ್ಕೇರಿಯವರೆಗೆ ಹರಡಿತು. ನಾನಾಗ ಗೋಕಾಕದಲ್ಲಿ ಕಾಲೇಜು ಓದುತ್ತಿದ್ದೆ. ನಮ್ಮೂರು ಕುಲಗೋಡದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದೆ. ಭ್ರೂಣಹತ್ಯೆಯ ಮೇಲೆ ಚರ್ಚಾಸ್ಪರ್ಧೆ ಏರ್ಪಟ್ಟಾಗ ಬಹುಮಾನ ಕೊಡಲು ಅವರನ್ನೇ ಕರೆಸಿದ್ದರು. ನಾನು ವೇದಿಕೆಯ ಮೇಲೆ ಸಮಾಜವನ್ನು, ಸರ್ಕಾರವನ್ನು, ಎದುರಿಗೆ ಕೂತ ಪ್ರಾಂಶುಪಾಲರನ್ನು ಒಟ್ಟಿಗೆ ಆರೋಪಿಗಳ ಕಟಕಟೆಗೆ ಏರಿಸಿದ್ದೆ. ಬಹುಮಾನ ಕೊಡುತ್ತ ಅವರು ಮೆಲ್ಲಗೆ ಹೇಳಿದರು: "ಸಿಟ್ಟು ಛಲೋ ಐತಿ ತಂಗಿ. ಆದ್ರ ಪ್ರಶ್ನಿ ಒಗದು ಎದ್ದು ಹೋಗಬ್ಯಾಡ. ಉತ್ತರಾ ಬರೂ ತನಕ ಅಲ್ಲೇ ಕುಂಡ್ರಾಕ ಕಲಿ." ಮುಂದೆ ಧಾರವಾಡದ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ದಪ್ಪ ದಪ್ಪ ಪುಸ್ತಕಗಳಿಂದ ನಾನು ಕಲಿತದ್ದರಲ್ಲಿ ಈ ಮಾತಿಗೆ ಹೆಗಲೆಣೆಯಾದದ್ದು ಹೆಚ್ಚಿಲ್ಲ. ಅವರಿಗೆ ನಾನು ಋಣಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಬರೆಯುವುದು ಕೃತಜ್ಞರು ಬರೆಯುವಂಥದ್ದಲ್ಲ.

ತನಿಖೆಯ ಅಧಿಕಾರಿಗಳೂ ಅವರ ಕೇಂದ್ರಕ್ಕೆ ಬರುತ್ತಿದ್ದರು. ಕಾಗದಪತ್ರ ನೋಡುತ್ತಿದ್ದರು, ಇಲ್ಲಿ ಗಂಡು-ಹೆಣ್ಣು ತಿಳಿಸುವುದಿಲ್ಲ ಎಂಬ ಗೋಡೆಯ ಫಲಕ ನೋಡುತ್ತಿದ್ದರು, ಯಂತ್ರದ ನೋಂದಣಿ ನೋಡುತ್ತಿದ್ದರು, ಬಸಿಯಲ್ಲಿ ಚಹಾ ಕುಡಿದು ಹೋಗುತ್ತಿದ್ದರು. ಒಮ್ಮೆ ಸಭೆ ಕರೆದು ಶಾಲು ಹೊದಿಸಿದರು. ಡಾಕ್ಟರು ಏನನ್ನು ನೋಡಬಾರದು ಎಂಬುದರ ಮೇಲೆ ಅಷ್ಟು ಕಣ್ಣುಗಳಿದ್ದವು. ಏನನ್ನು ನೋಡಲೇಬೇಕು ಎಂಬುದರ ಮೇಲೆ ಒಂದೂ ಇರಲಿಲ್ಲ.

ನನ್ನ ಅಕ್ಕ ಸುವರ್ಣಾಳನ್ನು ಹುಕ್ಕೇರಿ ತಾಲೂಕಿನ ಹತ್ತರಗಿಗೆ ಕೊಟ್ಟಿದ್ದೆವು. ಗಂಡ ಮಹಾಂತೇಶನದು ಹೆದ್ದಾರಿಯ ಬಾಜೂ ಟೈರು ರಿಪೇರಿ ಅಂಗಡಿ. ಮೊದಲ ಬಸಿರಿನ ಐದನೆಯ ತಿಂಗಳಲ್ಲಿ ಅಕ್ಕನನ್ನು ನೀಲಕಂಠಪ್ಪನವರಲ್ಲಿಗೇ ಒಯ್ಯಬೇಕೆಂದು ಹಟ ಹಿಡಿದವಳು ಅವಳ ಅತ್ತೆ ಗೌರವ್ವ. ಆ ಡಾಕ್ಟರು ಸುಳ್ಳು ಹೇಳುವುದಿಲ್ಲ ಎಂಬುದು ಅವಳ ವಾದ. ಉಪ್ಪಿನ ಕಥೆ ಅವಳನ್ನೂ ಮುಟ್ಟಿತ್ತು. ನಾನೂ ಜೊತೆಗೆ ಹೋಗಿದ್ದೆ. ಡಾಕ್ಟರು ಕೂಸಿನ ತಲೆಯ ಅಳತೆ ತೆಗೆದು ಹೆರಿಗೆಯ ದಿನ ಲೆಕ್ಕ ಹಾಕಿದರು, ಎದೆಯ ಸದ್ದು ಕೇಳಿಸಿದರು, ಬೆನ್ನಗುಂಟ ಇಳಿದರು, ಸೊಂಟದ ಹತ್ತಿರ ಕೈ ಎತ್ತಿದರು. ಎಲ್ಲಾ ಬರೊಬ್ಬರಿ. ಗೌರವ್ವ ದಾರಿಯಲ್ಲಿ ಸಿಕ್ಕ ಪರಿಚಯದವರಿಗೆಲ್ಲ ಆ ಮಾತನ್ನು ಹಂಚುತ್ತ ಊರಿಗೆ ಹೋದಳು.

ಏಳನೆಯ ತಿಂಗಳಲ್ಲಿ ಗ್ರಹಣ ಬಂತು. ಬಸುರಿ ಅಲುಗಾಡದೆ ಒಳಗೆ ಮಲಗಬೇಕು, ಈಳಿಗೆ ಮುಟ್ಟಬಾರದು. ಅಂಗಡಿಯಿಂದ ಗಂಡ ಹಸಿದು ಬಂದ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅಕ್ಕ ಈಳಿಗೆಯ ಮೇಲೆ ಕೂತು ಬದನೆಕಾಯಿ ಹೆಚ್ಚಿ ಪಲ್ಯ ಮಾಡಿ ಬಡಿಸಿದಳು. ಅವನು ರುಚಿಯಾಗಿದೆಯೆಂದು ಹೊಗಳಿ ಉಂಡ. ಹೊಗಳಿದ್ದನ್ನು ಸಂಜೆ ತಾಯಿಯ ಎದುರಿಗೂ ಹೇಳಿದ. ಮಾತು ಕಡಿಮೆಯಾದವರು ಆಡುವ ಒಂದೊಂದು ಮಾತೂ ಹೀಗೆಯೇ ಮನೆ ಮುರಿಯುತ್ತದೆ.

ಹೆರಿಗೆ ತವರಿನಲ್ಲಿ ಆಗಬೇಕೆಂಬ ಪದ್ಧತಿಯಂತೆ ನಮ್ಮೂರ ಹತ್ತಿರದ ಮೂಡಲಗಿಯ ಸಣ್ಣ ಆಸ್ಪತ್ರೆಯೊಂದರಲ್ಲಿ ಆಯಿತು. ಹೆಣ್ಣು ಕೂಸು. ಮುಖ ಚಂದ್ರನಂತಿತ್ತು. ನರ್ಸು ಕೂಸನ್ನು ಮಗುಚಿ ಹಿಡಿದವಳು ಹಾಗೆಯೇ ನಿಂತಳು: ಸೊಂಟದ ಕೆಳಗೆ, ಬೆನ್ನುಮೂಳೆ ಕೂಡಿಕೊಳ್ಳದೆ ತೆರೆದೇ ಉಳಿದು, ಅಲ್ಲಿ ನೀರು ತುಂಬಿದ ತೆಳ್ಳನೆಯ ಗುಳ್ಳೆ. ಅಲ್ಲಿ ಯಾರಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ. ಒದ್ದೆ ಬಟ್ಟೆ ಮುಚ್ಚಿ ಬೆಳಗಾವಿಗೆ ಕಳಿಸಿದರು. ದಾರಿಯಲ್ಲಿ ಗುಳ್ಳೆ ಒಡೆಯಿತು, ನಂಜು ಏರಿತು. ಶಸ್ತ್ರಚಿಕಿತ್ಸೆಯಾಯಿತು, ಆಮೇಲೆ ತಲೆಯಲ್ಲಿ ನೀರು ತುಂಬಿ, ಅದನ್ನು ಹೊಟ್ಟೆಗೆ ಇಳಿಸುವ ನಳಿಕೆ ಹಾಕಿದರು. ಕೂಸು ಬದುಕಿತು, ಶ್ರಾವಣಿ ಎಂದು ಹೆಸರಿಟ್ಟೆವು. ಕಾಲುಗಳಲ್ಲಿ ಒಂದು ಮಾತ್ರ ಅವಳ ಮಾತು ಕೇಳುತ್ತದೆ.

ಬೆಳಗಾವಿಯ ತಜ್ಞೆ ನನಗೆ ಬೇರೆ ಯಾವುದೋ ಕೂಸಿನ ಚಿತ್ರ ತೋರಿಸಿ ತಿಳಿಸಿ ಹೇಳಿದರು. ಬೆನ್ನುಹುರಿಯ ಕೊಳವೆ ಮುಚ್ಚಿಕೊಳ್ಳಬೇಕಾದದ್ದು ಬಸಿರಿನ ಮೊದಲ ತಿಂಗಳಲ್ಲೇ. ಮುಚ್ಚದಿದ್ದರೆ ಐದನೆಯ ತಿಂಗಳ ಸ್ಕ್ಯಾನಿಂಗಿನಲ್ಲಿ ಬಹುಪಾಲು ಕಾಣುತ್ತದೆ. ಬೆನ್ನನ್ನು ಉದ್ದಕ್ಕೂ ಅಡ್ಡಕ್ಕೂ ಕೊನೆಯ ಮಣಿಯವರೆಗೆ ನೋಡಬೇಕು. ಅದನ್ನು ನೋಡುವುದು ಹಿಂಬದಿಯಿಂದ. ಗಂಡೋ ಹೆಣ್ಣೋ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಅಷ್ಟೇ ಅಲ್ಲ, ಕೆಳಗಿನ ದೋಷವನ್ನು ತಲೆಯೇ ಸಾರಿ ಹೇಳುತ್ತಿರುತ್ತದೆ: ಹಣೆಯ ಎರಡೂ ಬದಿ ಒಳಕ್ಕೆ ತಗ್ಗಿ ತಲೆ ನಿಂಬೆಹಣ್ಣಿನ ಆಕಾರವಾಗುತ್ತದೆ, ಹಿಂಭಾಗದ ಕಿರುಮೆದುಳು ಕೆಳಕ್ಕೆ ಜಗ್ಗಿ ಬಾಳೆಹಣ್ಣಿನಂತೆ ಬಾಗುತ್ತದೆ. ಹೆರಿಗೆಯ ದಿನ ತಿಳಿಯಲು ತಲೆ ಅಳೆಯುವವರು ಅದರ ಆಕಾರವನ್ನೂ ನೋಡಿದರೆ ಸಾಕು. ಮೊದಲೇ ತಿಳಿದಿದ್ದರೆ? ಅಕ್ಕನಿಗೆ ಯೋಚಿಸಲು, ಕೇಳಲು, ತೀರ್ಮಾನಿಸಲು ಅವಕಾಶವಿರುತ್ತಿತ್ತು. ಕೊನೆಗೆ ಹೆರಿಗೆಯಾದರೂ ಬೆಳಗಾವಿಯಲ್ಲೇ ಆಗಿ ಆ ಗುಳ್ಳೆ ದಾರಿಯಲ್ಲಿ ಒಡೆಯುತ್ತಿರಲಿಲ್ಲ. ವಿದ್ಯೆ ಇತ್ತು, ಯಂತ್ರವಿತ್ತು, ಕಣ್ಣಿತ್ತು. ಕೊರತೆಯಾದದ್ದು ವ್ರತ ಮುರಿಯುವ ಪಾಪ ಮಾಡುವ ಧೈರ್ಯ ಮಾತ್ರ!

ಹತ್ತರಗಿಯಲ್ಲಿ ಈ ನಡುವೆ ತೀರ್ಪು ಹೊರಬಿದ್ದಿತ್ತು. ಗೌರವ್ವನ ತರ್ಕದಲ್ಲಿ ಲೋಪವಿರಲಿಲ್ಲ. ಐದನೆಯ ತಿಂಗಳಲ್ಲಿ ಕೂಸು ಬರೊಬ್ಬರಿ ಇತ್ತು. ಸುಳ್ಳು ಹೇಳದ ಡಾಕ್ಟರು ಹೇಳಿದ್ದಾರೆ. ಹುಟ್ಟಿದಾಗ ಬರೊಬ್ಬರಿ ಇರಲಿಲ್ಲ. ಹಾಗಾದರೆ ನಡುವೆ ಏನಾಯಿತು? ಗ್ರಹಣ ಆಯಿತು, ಈಳಿಗೆ ಆಯಿತು, ಬದನೆಕಾಯಿ ಆಯಿತು. ಕೂಸಿನ ಬೆನ್ನು ಸೀಳಿದವಳು ಸುವರ್ಣಾ. ತೊಟ್ಟಿಲಿಗೆ ಆ ಮನೆಯಿಂದ ಯಾರೂ ಬರಲಿಲ್ಲ, ಅಕ್ಕನನ್ನು ಕರೆಯಲೂ ಬರಲಿಲ್ಲ. ಅಕ್ಕ ಕುಲಗೋಡದಲ್ಲಿ ಕೂಸಿನ ಕಾಲು ತಿಕ್ಕುತ್ತ ಕೂತುಬಿಟ್ಟಳು. ಅವಳನ್ನು ನೋಡಿದರೆ ನನಗೆ ಭಯವಾಗುತ್ತಿದ್ದುದು ಒಂದೇ ಕಾರಣಕ್ಕೆ: ಆ ತೀರ್ಪನ್ನು ಅವಳೂ ಒಪ್ಪತೊಡಗಿದ್ದಳು.

ನಾನು ಹತ್ತರಗಿಗೆ ಹೋಗಿ ಗೌರವ್ವನ ಎದುರು ಮೊದಲ ತಿಂಗಳು, ಕೊಳವೆ, ಕಿರುಮೆದುಳು ಎಲ್ಲವನ್ನೂ ವಿವರಿಸಿದೆ. ಅವಳು ಕೊನೆಯವರೆಗೂ ಕೇಳಿ, ನೀನು ಡಾಕ್ಟರೇನು ಎಂದು ವಿಚಾರಿಸಿದಳು. ಎಂ.ಎ. ಮಾಡಿದ್ದೇನೆ ಎಂದೆ. ಹಾಗಾದರೆ ಡಾಕ್ಟರೇ ಬಂದು ಹೇಳಲಿ ಎಂದಳು. ನ್ಯಾಯವಾದ ಮಾತು.

ಆದರೆ ನಾನು ಮೊದಲು ಹೋದದ್ದು ದೂರು ಕೊಡಲು, ಸಂಬಂಧಪಟ್ಟ ಕಚೇರಿಗೆ. ಅಲ್ಲಿನ ಸಾಹೇಬರು ಸಜ್ಜನರು, ಕುರ್ಚಿ ಕೊಟ್ಟು ಕೂಡಿಸಿ ಕೇಳಿದರು. "ಡಾಕ್ಟರ್ರು ಗಂಡು-ಹೆಣ್ಣು ಏನರ ಹೇಳ್ಯಾರೇನ್ರಿ?" ಇಲ್ಲ ಎಂದೆ. "ಹೇಳಾಕ ರೊಕ್ಕಾ ಕೇಳ್ಯಾರೇನ್ರಿ?" ಇಲ್ಲ. ಅವರು ನಿಜವಾದ ಗೊಂದಲದಿಂದ ನನ್ನನ್ನು ನೋಡಿ, "ಮತ್ತ ತಪ್ಪು ಏನೈತ್ರಿ?" ಎಂದರು. ಆ ದೂರು ಇಂದಿಗೂ ಪರಿಶೀಲನೆಯಲ್ಲಿದೆ. ಪರಿಶೀಲನೆ ಎಂದರೆ ಸೊಂಟದ ಮೇಲೆಯೋ ಕೆಳಗೆಯೋ ನನಗೆ ಗೊತ್ತಿಲ್ಲ.

ಆಮೇಲೆ ನೀಲಕಂಠಪ್ಪನವರ ಕೇಂದ್ರಕ್ಕೆ ಹೋದೆ. ಬಸುರಿಯರೆಲ್ಲ ಹೋಗಿ ಕೋಣೆ ಖಾಲಿಯಾಗುವವರೆಗೆ ಕಾದೆ. ಶ್ರಾವಣಿಯ ಸಂಗತಿ ಹೇಳಿದೆ. ಅವರ ಮುಖ ಕುಸಿದದ್ದು ಕಂಡಿತು. ಅದು ಅಭಿನಯವಲ್ಲ, ಅವರಿಗೆ ಅಭಿನಯ ಬರುತ್ತಿರಲಿಲ್ಲ. ಐದನೆಯ ತಿಂಗಳಲ್ಲಿ ಬೆನ್ನು ನೋಡಿದ್ದಿರೇ ಎಂದು ಕೇಳಿದೆ.

"ನೋಡಿದ್ನೆಲ್ಲ ತಂಗಿ. ನಡದ ತನಕ ಮುತ್ತು ಪೋಣಿಸಿದಂಗ ಇತ್ತು."

"ನಡದ ಕೆಳಗ್ರಿ?"

"ನಡದ ಕೆಳಗ ನಾ ಯಾರ ಕೂಸಿಂದೂ ನೋಡೂದಿಲ್ಲ. ಇಡೀ ಗೋಕಾಕಕ್ಕ ಗೊತ್ತೈತಿ."

ಬೆನ್ನನ್ನು ಹಿಂದಿನಿಂದ ನೋಡುತ್ತಾರೆ, ಅದನ್ನು ಯಾವ ಕಾನೂನೂ ತಡೆಯುವುದಿಲ್ಲ ಎಂದು ನಾನು ಬೆಳಗಾವಿಯಲ್ಲಿ ಕಲಿತ ಪಾಠವನ್ನು ಒಪ್ಪಿಸಿದೆ. ನನಗಿಂತ ಅವರಿಗೆ ಅದು ಚೆನ್ನಾಗಿ ಗೊತ್ತಿತ್ತು. ಬಸಿಯಲ್ಲಿದ್ದ ಚಹಾ ನೋಡುತ್ತ ಬಹಳ ಹೊತ್ತು ಕೂತರು. ಅಲ್ಲೇ ಕೂಡುವುದನ್ನು ನನಗೆ ಕಲಿಸಿದವರು ಅವರೇ, ನಾನೂ ಕೂತೆ.

"ಕೂಸು ಒಳಗ ಹೊಳ್ಳಾಡತಿರತೈತಿ ತಂಗಿ," ಎಂದರು ಕೊನೆಗೆ. "ಬೆನ್ನು ನೋಡಾಕ ಹೋದ್ರ ಒಮ್ಮೊಮ್ಮೆ ತೊಡಿ ಕಾಣತೈತಿ. ಕಂಡದ್ದು ನನ್ನ ಮಾರಿ ಮ್ಯಾಲ ಬರತೈತಿ. ಬಾಜೂ ಕುಂತ ಅತ್ತಿ, ಮಾವ, ಗಂಡ ನನ್ನ ಮಾರೀನ ನೋಡತಿರತಾರ. ಮದಲ ಒಂದ್ಸಲ ಹಂಗಾತು. ನಾ ತುಟಿ ಬಿಚ್ಚಿದ್ದಿಲ್ಲ. ನನ್ನ ಮಾರಿ ನೋಡಿ ತಿಳಕೊಂಡ್ರು. ಆ ಹುಡುಗಿ ತಿರುಗಿ ಬಂದಾಗ ಹೊಟ್ಟಿ ಖಾಲಿ ಇತ್ತು. ಅವತ್ತಿಂದ ನೋಡೂದ ಬಿಟ್ಟೆ."

ಇಲ್ಲಿ ನಾನು ಮರುಗಬೇಕಿತ್ತೆಂದು ಓದುಗರಿಗೆ ಅನ್ನಿಸಬಹುದು. ಮರುಗಿದೆ ಕೂಡ. ಆದರೆ ಮರುಕ ಬಂದ ಕೂಡಲೇ ಲೆಕ್ಕ ಕೇಳುವುದನ್ನು ಬಿಡುವುದು ನಮ್ಮ ಸಮಾಜದ ಹಳೆಯ ಸೋಮಾರಿತನ. ಮುಖ ಮುಚ್ಚಿಕೊಳ್ಳಲು ಒಂದು ಬಟ್ಟೆಯ ಮಾಸ್ಕ್ ಸಾಕಾಗುತ್ತಿತ್ತು. ಮನೆಯವರನ್ನು ಹೊರಗೆ ಕೂಡಿಸಲು ಒಂದು ಮಾತು ಸಾಕಾಗುತ್ತಿತ್ತು. ಏನೂ ಬೇಡವಾದರೆ, ಇಲ್ಲಿಂದ ಕೆಳಗೆ ನಾನು ನೋಡಿಲ್ಲ, ಬೇರೆಲ್ಲಾದರೂ ತೋರಿಸಿಕೊಳ್ಳಿ ಎಂದರೆ ಆಗುತ್ತಿತ್ತು. ಅವರು ನೋಡದಿದ್ದುದಕ್ಕಿಂತ ದೊಡ್ಡ ತಪ್ಪು, ನೋಡದೆ ಬರೊಬ್ಬರಿ ಎಂದದ್ದು. "ನಿಮ್ಮ ಮಾರಿ ಉಳೀತ್ರಿ ಸರ್ರ, ಕೂಸಿನ ಬೆನ್ನು ಹೋತು" ಎಂದೆ. ಹತ್ತರಗಿಗೆ ಬಂದು ಈಗ ನನಗೆ ಹೇಳಿದ್ದನ್ನೇ ಗೌರವ್ವನಿಗೆ ಹೇಳಬೇಕೆಂದು ಕೇಳಿದೆ. ಅವರು ತಕ್ಷಣ ಒಪ್ಪಿದರು. ಅಷ್ಟು ಸುಲಭವಾಗಿ ಒಪ್ಪಿದ್ದು ನನ್ನನ್ನು ಬೆಚ್ಚಿಸಿತು. ಆಮೇಲೆ ಹೊಳೆಯಿತು: ಸೊಂಟದ ಕೆಳಗೆ ನೋಡುವುದಿಲ್ಲ ಎಂಬುದನ್ನು ಎಲ್ಲಿ ಬೇಕಾದರೂ ಹೇಳಲು ಅವರಿಗೆ ಸಂಕೋಚವಿರಲಿಲ್ಲ. ಅದು ಅವರ ಶಾಲು.

ಅಕ್ಕನನ್ನೂ ಶ್ರಾವಣಿಯನ್ನೂ ಕರೆದುಕೊಂಡು ನಾನು ಡಾಕ್ಟರಿಗಿಂತ ಮೊದಲೇ ಹತ್ತರಗಿಗೆ ಹೋಗಿದ್ದೆ. ನಮ್ಮನ್ನು ಪಡಸಾಲೆಯ ಚಾಪೆಯ ಮೇಲೆ ಕೂಡಿಸಿದ್ದರು. ಡಾಕ್ಟರು ಬಂದಾಗ ಓಣಿಯೇ ಎದ್ದು ನಿಂತಿತು. ಗೌರವ್ವ ಸೆರಗು ಹೊದ್ದು ಕುರ್ಚಿ ಹಾಕಿದಳು, ನೀರು ಕೊಟ್ಟಳು, ಸುಖದುಃಖ ಕೇಳಿದಳು, ಆಮೇಲೆ ತನ್ನ ವಾದವನ್ನು ಮಂಡಿಸಿದಳು. "ಐದ ತಿಂಗಳಿಗೆ ಕೂಸು ಬರೊಬ್ಬರಿ ಐತಿ ಅಂತ ನೀವ ಹೇಳೀರಿ. ಗ್ರಹಣದಾಗ ಇಕಿ ಈಳಿಗಿ ಹಿಡದಾಳ. ಹೌದಿಲ್ಲೋ ಕೇಳ್ರಿ." ಅಕ್ಕ ತಲೆ ತಗ್ಗಿಸಿ, ಹಿಡಿದದ್ದು ಖರೆ ಎಂದಳು. ಮಹಾಂತೇಶ ಬಾಗಿಲ ಬಳಿ ನಿಂತು, ತಾನು ಉಂಡ ಪಲ್ಯವನ್ನು ಇನ್ನೂ ನುಂಗುತ್ತಿರುವವನಂತೆ ಗಂಟಲು ಆಡಿಸುತ್ತಿದ್ದ.

ನೀಲಕಂಠಪ್ಪನವರು ಸಭೆಯಲ್ಲಿ ಮಾತಾಡುವವರ ಧ್ವನಿಯಲ್ಲಿ, ತಾವು ಕೂಸಿನ ನಡದ ಕೆಳಗೆ ನೋಡುವುದಿಲ್ಲವೆಂದೂ ಅದು ತಮ್ಮ ವ್ರತವೆಂದೂ ವಿವರಿಸಿದರು. ಸುತ್ತ ನಿಂತವರು ಭಕ್ತಿಯಿಂದ ತಲೆದೂಗಿದರು. ಗೌರವ್ವ ತಲೆದೂಗಲಿಲ್ಲ. ಅವಳ ತರ್ಕ ಎಲ್ಲೋ ಎಡವಿತ್ತು.

"ನೋಡೇ ಇಲ್ಲೇನ್ರಿ?"

"ಇಲ್ರಿ."

"ಹಂಗಾರ ಬರೊಬ್ಬರಿ ಐತಿ ಅಂದದ್ದು ಯಾವ ಕೂಸಿಂದ್ರಿ?"

ತಲೆದೂಗುತ್ತಿದ್ದವರು ನಿಲ್ಲಿಸಿದರು. ಡಾಕ್ಟರ ಮುಖದ ಮೇಲೆ, ಬಾಗಿಲಿಲ್ಲದ ಆ ಅಂಗಡಿಯಲ್ಲಿ, ಒಂದೊಂದೇ ಸರಕು ಬಿದ್ದು ಒಡೆಯುವುದನ್ನು ಇಡೀ ಓಣಿ ನೋಡಿತು.

"ಅರ್ಧ ಕೂಸಿಂದ್ರಿ," ಎಂದರು ಅವರು. ಸಭೆಯ ಧ್ವನಿ ಹೋಗಿತ್ತು. "ಉಳದ ಅರ್ಧಾ ಅವತ್ತೂ ಹಿಂಗ ಇತ್ರಿ ಗೌರವ್ವಾರ. ಇದು ಮದಲನೇ ತಿಂಗಳದಾಗ ಆಗಿಹೋಗಿರತೈತಿ. ಬಸುರಿ ಅಂತ ಸುವರ್ಣಾಗೂ ಗೊತ್ತಿದ್ದಿಲ್ಲ, ಗ್ರಹಣಕ್ಕೂ ಗೊತ್ತಿದ್ದಿಲ್ಲ."

ಗೌರವ್ವ ಕ್ಷಮೆ ಕೇಳುವ ಪೈಕಿ ಅಲ್ಲ. ಎದ್ದು ಬಂದು, ಚಾಪೆಯ ಮೇಲಿದ್ದ ಶ್ರಾವಣಿಯನ್ನು ಎತ್ತಿಕೊಂಡು, ಕೂಸಿಗೆ ಕಾಲುಚೀಲ ಯಾಕೆ ಹಾಕಿಲ್ಲ, ಈ ಚಳಿಯಲ್ಲಿ ಅದಕ್ಕೆ ನೆಗಡಿಯಾದರೆ ಯಾರು ಹೊಣೆ ಎಂದು ಅಕ್ಕನನ್ನು ಬೈದಳು. ಅಕ್ಕ ಅಳತೊಡಗಿದ್ದು ಆಗ. ಆ ಬೈಗುಳ ಒಳಗಿನವರಿಗೆ ಮಾತ್ರ ಸಲ್ಲುವಂಥದ್ದು. ಕಾಲುಚೀಲ ಹುಡುಕಲು ಮಹಾಂತೇಶ ಒಳಗೆ ಓಡಿದ.

ಚಹಾ ಬಂತು. ಡಾಕ್ಟರು ಬಸಿಗೆ ಸುರಿದುಕೊಳ್ಳಲಿಲ್ಲ. ಅವರು ಏಳುವಾಗ ಅಕ್ಕ ಕಣ್ಣು ಒರೆಸಿಕೊಂಡು ಮೊದಲ ಬಾರಿಗೆ ಅವರನ್ನು ಮಾತಾಡಿಸಿದಳು.

"ಅವತ್ತ ನೋಡಿದ್ರ ನನಗ ಹೇಳ್ತಿದ್ರೇನ್ರಿ ಸರ್ರ?"

"ಹೇಳ್ತಿದ್ದೆ ತಾಯಿ."

"ಹಂಗಾರ ನೋಡಬೇಕಾಗಿತ್ರಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ತಿಂಗಳುಗಟ್ಟಲೆ ಕೂಡಿಸಿಟ್ಟುಕೊಂಡಿದ್ದ ಆರೋಪಪಟ್ಟಿಯೆಲ್ಲ ಆ ಎರಡು ಮಾತಿನ ಪಕ್ಕದಲ್ಲಿ ಕಾಲೇಜಿನ ಭಾಷಣದಂತೆ ಕಂಡಿತು. ನೀಲಕಂಠಪ್ಪನವರು ಚಪ್ಪಲಿ ಹಾಕಿಕೊಳ್ಳಲು ಬಹಳ ಹೊತ್ತು ತೆಗೆದುಕೊಂಡರು. ತಪ್ಪಾಯಿತು ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ಮುಖದ ಮೇಲೆ ಬಂದಿತ್ತು. ಮುಖದ ಮೇಲೆ ಬಂದದ್ದನ್ನು ಯಾವ ಕಚೇರಿಯೂ ದಾಖಲು ಮಾಡಿಕೊಳ್ಳುವುದಿಲ್ಲ. ನಾನು ಅವರನ್ನು ಕೊನೆಯ ಸಲ ನೋಡಿದ್ದು ಅದೇ.

ಆಮೇಲಿನದು ಕೇಳಿದ್ದು. ಅವರು ಪ್ರತಿಯೊಬ್ಬ ಬಸುರಿಯ ಕೂಸನ್ನೂ ಪೂರ್ತಿ ನೋಡತೊಡಗಿದರಂತೆ, ಮನೆಯವರನ್ನು ಹೊರಗೆ ಕಳಿಸಿ, ಮಾಸ್ಕ್ ಕಟ್ಟಿಕೊಂಡು. ಸ್ಪಷ್ಟವಾಗಿ ಕಾಣದಿದ್ದರೆ, ಇಷ್ಟು ಕಂಡಿದೆ, ಇಷ್ಟು ಕಂಡಿಲ್ಲ, ಬೆಳಗಾವಿಗೆ ಹೋಗಿ ಎನ್ನತೊಡಗಿದರಂತೆ. ಜನ ಹೆದರಿದರು. ಮನೆಯವರನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಳ್ಳುವುದೇಕೆ, ಮುಖ ಮುಚ್ಚಿಕೊಳ್ಳುವುದೇಕೆ, ಮುದುಕನಿಗೆ ಕಣ್ಣು ಮಂಜಾಗಿದೆ, ಮನಸ್ಸೂ ಕೆಟ್ಟಿದೆ ಎಂದರು. ಒಂದೇ ಉಸಿರಿನಲ್ಲಿ ಎಲ್ಲವೂ ಸರಿಯಿದೆ ಎನ್ನುವ ಹೊಸ ಕೇಂದ್ರವೊಂದು ಅಷ್ಟರಲ್ಲಿ ತೆರೆದಿತ್ತು, ಅತ್ತ ನಡೆದರು. ನೀಲಕಂಠಪ್ಪನವರು ನೋಂದಣಿ ಮರಳಿಸಿದರು. ಅಧಿಕಾರಿಗಳು ಬಂದು ಯಂತ್ರಕ್ಕೆ ಅರಗಿನ ಮುದ್ರೆ ಒತ್ತಿ ಹೋದರು. ಅವರು ಈಗ ಗೋಕಾಕದಲ್ಲಿಲ್ಲ.

ಮೊನ್ನೆ ಆ ಹೊಸ ಕೇಂದ್ರಕ್ಕೆ ಹೋಗಿ, ಕೂಸಿನ ಬೆನ್ನನ್ನು ಸೊಂಟದ ಕೆಳಗಿನವರೆಗೂ ನೋಡುತ್ತೀರಾ ಎಂದು ಕೇಳಿದೆ. ಕೌಂಟರಿನ ಹುಡುಗಿ ಒಳ್ಳೆಯ ತರಬೇತಿ ಪಡೆದವಳು. ನನ್ನ ಹಿಂದೆ ನಿಂತವರನ್ನೊಮ್ಮೆ ನೋಡಿ, ಗೋಡೆಯ ಮೇಲಿನ ಫಲಕವನ್ನು ಬೆರಳಿಟ್ಟು ತೋರಿಸಿ, ದನಿ ತಗ್ಗಿಸಿದಳು: "ಅಂಥಾವೆಲ್ಲಾ ಇಲ್ಲಿ ಕೇಳಬಾರ್ದ್ರಿ ಅಕ್ಕಾರ."